ಕಾರಿನೊಂದಿಗೆ ಸಾರ್ಡಿನಿಯಾಕ್ಕೆ: ಲಿವೊರ್ನೊದಿಂದ ಒಲ್ಬಿಯಾಕ್ಕೆ ಫೆರಿಯಲ್ಲಿ ಹೋಗುವವರಿಗೆ ಮಾರ್ಗದರ್ಶಿ

ಇಟಲಿಗೆ ಸೇರಿದ ಸಾರ್ಡಿನಿಯಾ ಸಣ್ಣ ದ್ವೀಪವಲ್ಲ. ಅದರ ವಿಸ್ತಾರ ಸುಮಾರು 24,000 ಚದರ ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ಕರ್ನಾಟಕದ ಎಂಟನೆಯ ಒಂದು ಭಾಗ. ಮೆಡಿಟರೇನಿಯನ್ ಸಮುದ್ರದಲ್ಲಿ ಅದಕ್ಕಿಂತ ದೊಡ್ಡ ದ್ವೀಪ ಸಿಸಿಲಿ ಮಾತ್ರ. ಒಳ್ಳೆಯ ಕಡಲತೀರಗಳು ಒಂದಕ್ಕೊಂದು ದೂರದಲ್ಲಿವೆ, ಬೆಟ್ಟದೊಳಗಿನ ಹಳ್ಳಿಗಳಿಗೆ ಬಸ್ಸುಗಳು ವಿರಳ, ನುರಾಗೆ ಎಂಬ ಕಂಚಿನ ಯುಗದ ಕಲ್ಲುಗೋಪುರಗಳು ಹೊಲಗದ್ದೆಗಳ ನಡುವೆ ಹರಡಿಕೊಂಡಿವೆ. ಆದ್ದರಿಂದ ಅಲ್ಲಿ ಕಾರು ಬೇಕೇ ಬೇಕು. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ಗಳಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳು ಬೇಸಿಗೆ ರಜೆಯ ಮೊದಲು ಕೇಳುವ ಪ್ರಶ್ನೆಯೂ ಇದೇ: ವಿಮಾನದಲ್ಲಿ ಹೋಗಿ ಅಲ್ಲಿ ಕಾರು ಬಾಡಿಗೆಗೆ ಪಡೆಯುವುದೋ, ನಮ್ಮ ಕಾರನ್ನೇ ಹಡಗಿಗೆ ಹತ್ತಿಸುವುದೋ?

ಒಂದು ವಾರಕ್ಕಿಂತ ಕಡಿಮೆ ರಜೆಯಾದರೆ ವಿಮಾನವೇ ಸರಿ. ಹತ್ತು ದಿನಕ್ಕೂ ಮೇಲೆ, ಮಕ್ಕಳೋ ವಯಸ್ಸಾದ ತಂದೆತಾಯಿಯೋ ಜೊತೆಗಿದ್ದರೆ, ನನ್ನ ಮತ ಫೆರಿಗೆ. ಮಗುವಿನ ಸೀಟು, ಕುಕ್ಕರ್, ಅಕ್ಕಿಬೇಳೆ, ಈಜಿನ ಸಾಮಾನು ಎಲ್ಲವೂ ಮನೆಯ ಬಾಗಿಲಿನಿಂದ ತಂಗುವ ಮನೆಯ ಬಾಗಿಲಿಗೆ ಒಂದೇ ಡಿಕ್ಕಿಯಲ್ಲಿ ಹೋಗುತ್ತವೆ.

ಆದರೆ ಒಂದು ವಿಷಯವನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಶರಾವತಿ ಹಿನ್ನೀರಿನಲ್ಲಿ ಸಿಗಂದೂರಿನ ಕಡೆಗೆ ಲಾಂಚ್‌ನಲ್ಲಿ ಹೋದವರಿಗೆ ಕಾರಿನ ಪಕ್ಕದಲ್ಲೇ ನಿಂತು ನೀರು ನೋಡಿದ ನೆನಪಿರುತ್ತದೆ. ಸಮುದ್ರದ ಫೆರಿ ಹಾಗಲ್ಲ. ಹಡಗು ಹೊರಟ ಮೇಲೆ ವಾಹನಗಳ ಅಂತಸ್ತಿಗೆ ಬೀಗ ಬೀಳುತ್ತದೆ. ಕಾರಿನಲ್ಲಿ ಮರೆತದ್ದು ಮರುದಿನ ಬೆಳಗಿನವರೆಗೆ ಸಿಗುವುದಿಲ್ಲ. ಅದು ಔಷಧಿಯಾಗಲಿ, ಮಗುವಿನ ಹಾಲಿನ ಬಾಟಲಿಯಾಗಲಿ. ಹಾಗಾಗಿ ಹಡಗಿನ ರಾತ್ರಿ ಹೇಗೆ ಕಳೆಯುತ್ತದೆ ಎಂಬುದು ಮನೆಯಲ್ಲಿ ಸಾಮಾನು ಜೋಡಿಸುವಾಗಲೇ ನಿರ್ಧಾರವಾಗಿರುತ್ತದೆ. ಈ ಲೇಖನದ ಬಹುಪಾಲು ಸಲಹೆಗಳು ಈ ಒಂದು ಸಂಗತಿಯಿಂದಲೇ ಹುಟ್ಟಿದವು.

ಬಂದರಿನ ಆಯ್ಕೆ

ಇಟಲಿಯ ಭೂಭಾಗದಿಂದ ಸಾರ್ಡಿನಿಯಾಕ್ಕೆ ಕಾರು ಒಯ್ಯುವ ಹಡಗುಗಳು ಮುಖ್ಯವಾಗಿ ಜಿನೋವಾ, ಲಿವೊರ್ನೊ ಮತ್ತು ರೋಮ್ ಸಮೀಪದ ಚಿವಿತವೆಕ್ಕಿಯಾ ಬಂದರುಗಳಿಂದ ಹೊರಡುತ್ತವೆ. ಸ್ವಿಟ್ಜರ್ಲೆಂಡ್ ಅಥವಾ ಮಿಲಾನ್ ಕಡೆಯಿಂದ ಬರುವವರಿಗೆ ಜಿನೋವಾ ಹತ್ತಿರ, ಆದರೆ ಸಮುದ್ರದ ದಾರಿ ಉದ್ದ. ರೋಮ್ ಕಡೆಯಿಂದ ಬರುವವರಿಗೆ ಚಿವಿತವೆಕ್ಕಿಯಾ. ಬ್ರೆನ್ನರ್ ಕಣಿವೆ ದಾಟಿ ಬರುವ ಜರ್ಮನಿ, ಆಸ್ಟ್ರಿಯಾದವರಿಗೆ ಟಸ್ಕನಿಯ ಲಿವೊರ್ನೊ ಹದವಾದ ಆಯ್ಕೆ. ಮ್ಯೂನಿಕ್‌ನಿಂದ ಅಲ್ಲಿಗೆ ಒಂದು ಇಡೀ ಹಗಲಿನ ದಾರಿ, ನಂತರ ಸುಮಾರು 300 ಕಿಲೋಮೀಟರ್ ಸಮುದ್ರ.

ಇಳಿಯುವ ಬಂದರನ್ನು ನೀವು ತಂಗುವ ಊರಿಗೆ ತಕ್ಕಂತೆ ಆರಿಸಿ, ಟಿಕೆಟ್ ದರಕ್ಕೆ ತಕ್ಕಂತೆ ಅಲ್ಲ. ಈಶಾನ್ಯದ ಕಡಲತೀರಗಳಿಗೆ ಒಲ್ಬಿಯಾ, ಅಥವಾ ಅದರ ಪಕ್ಕದ ಗೋಲ್ಫೊ ಅರಾಂಚಿ. ಅಲ್ಗೆರೊ, ಸ್ತಿಂತಿನೊ ಕಡೆಗೆ ಪೋರ್ತೊ ತೊರ್ರೆಸ್. ದಕ್ಷಿಣಕ್ಕೆ ಕಾಲ್ಯಾರಿ. ಟಿಕೆಟ್‌ನಲ್ಲಿ ಮೂವತ್ತು ಯೂರೊ ಉಳಿಸಲು ತಪ್ಪು ಮೂಲೆಯಲ್ಲಿ ಇಳಿದರೆ ಇಡೀ ದ್ವೀಪವನ್ನು ಉದ್ದಕ್ಕೆ ದಾಟಬೇಕಾಗುತ್ತದೆ.

ಅಷ್ಟು ದೊಡ್ಡ ಹಡಗು ಪ್ರಯಾಣಕ್ಕೆ ಧೈರ್ಯ ಸಾಲದವರು ಮೊದಲು ಲಿವೊರ್ನೊದ ದಕ್ಷಿಣಕ್ಕಿರುವ ಪಿಯೊಂಬಿನೊದಿಂದ ಎಲ್ಬಾ ದ್ವೀಪಕ್ಕೆ ಕಾರಿನಲ್ಲಿ ಹೋಗಿ ಬರಬಹುದು. ಒಂದು ಗಂಟೆಯ ಪ್ರಯಾಣ. ರ‍್ಯಾಂಪ್ ಹತ್ತುವುದು, ಒತ್ತೊತ್ತಾಗಿ ನಿಲ್ಲಿಸುವುದು, ಇಳಿಯುವುದು ಎಲ್ಲವೂ ರೂಢಿಯಾಗುತ್ತದೆ.

ಹಗಲೋ ರಾತ್ರಿಯೋ

ಲಿವೊರ್ನೊದಿಂದ ಒಲ್ಬಿಯಾಕ್ಕೆ ಹಡಗು ಮತ್ತು ಹೊತ್ತಿಗೆ ತಕ್ಕಂತೆ ಸುಮಾರು ಏಳರಿಂದ ಹತ್ತು ಗಂಟೆ ಬೇಕು. ರಾತ್ರಿ ಹಡಗುಗಳು ಸಾಮಾನ್ಯವಾಗಿ ನಿಧಾನ, ಏಕೆಂದರೆ ನಡುರಾತ್ರಿಯಲ್ಲಿ ತಲುಪಿದರೆ ಯಾರಿಗೂ ಪ್ರಯೋಜನವಿಲ್ಲ.

ರಾತ್ರಿ ಹಡಗಿನಲ್ಲಿ ಕ್ಯಾಬಿನ್ ಪಡೆದು ಮಲಗಿ, ಬೆಳಿಗ್ಗೆ ಇಳಿದು ನೇರ ಕಾರು ಓಡಿಸುವುದೇ ನನಗೆ ಸರಿಯೆನಿಸುವ ಕ್ರಮ. ಒಂದು ದಿನ ಉಳಿಯುತ್ತದೆ, ಹೋಟೆಲಿನ ಒಂದು ರಾತ್ರಿಯ ಖರ್ಚೂ ಉಳಿಯುತ್ತದೆ. ಹಗಲಿನ ಹಡಗಿಗೂ ಅದರದ್ದೇ ಸೊಗಸಿದೆ. ಲಿವೊರ್ನೊ ಬಿಟ್ಟ ಮೇಲೆ ಬಲಕ್ಕೆ ಗೊರ್ಗೋನಾ, ನಂತರ ಕಪ್ರಾಯ ದ್ವೀಪಗಳು ಕಾಣುತ್ತವೆ. ಎಡಕ್ಕೆ ಎಲ್ಬಾದ ಬೆಟ್ಟಗಳು ಏಳುತ್ತವೆ. ಮುಂದೆ ಪಶ್ಚಿಮದಲ್ಲಿ ಕಾರ್ಸಿಕಾದ ಪರ್ವತಗಳ ಸಾಲು. ಬಾನು ತಿಳಿಯಾಗಿದ್ದರೆ ಕಣ್ಣು ಹೊರಗಿನಿಂದ ಕೀಳಲು ಮನಸ್ಸಾಗುವುದಿಲ್ಲ. ಹೋಗುವಾಗ ರಾತ್ರಿ, ಬರುವಾಗ ಹಗಲು ಎಂದು ಇಟ್ಟುಕೊಂಡರೆ ಎರಡರ ಲಾಭವೂ ಸಿಗುತ್ತದೆ.

ಟಿಕೆಟ್ ತೆಗೆಯುವಾಗ

ಮೋಬಿ, ಗ್ರಿಮಾಲ್ದಿ, ಕಾರ್ಸಿಕಾ ಸಾರ್ಡಿನಿಯಾ ಫೆರೀಸ್ ಮೊದಲಾದ ಕಂಪನಿಗಳು ಈ ಭಾಗದ ಸಮುದ್ರದಲ್ಲಿ ಓಡುತ್ತವೆ. ವೇಳಾಪಟ್ಟಿ ಋತುವಿನಿಂದ ಋತುವಿಗೆ ಬದಲಾಗುತ್ತದೆ. ದರ ವಿಮಾನದಂತೆಯೇ ಬೇಡಿಕೆಗೆ ತಕ್ಕಂತೆ ಏರುತ್ತದೆ. ಆಗಸ್ಟ್ 15ರ ಫೆರಾಗೊಸ್ತೊ ಹಬ್ಬದ ಆಸುಪಾಸಿನಲ್ಲಿ ಇಡೀ ಇಟಲಿ ಕಡಲಿನ ಕಡೆಗೆ ಹೊರಡುವುದರಿಂದ ಆ ವಾರಾಂತ್ಯಗಳನ್ನು ಬಿಟ್ಟು ವಾರದ ನಡುವಿನ ದಿನ ನೋಡಿ. ಶಾಲೆಯ ರಜೆಯ ಕಟ್ಟುಪಾಡಿಲ್ಲದವರು ಜೂನ್ ಮೊದಲ ಭಾಗ ಅಥವಾ ಸೆಪ್ಟೆಂಬರ್ ಆರಿಸಬೇಕು. ಸೆಪ್ಟೆಂಬರ್‌ನಲ್ಲಿ ನೀರೂ ಬೆಚ್ಚಗಿರುತ್ತದೆ.

ಬುಕಿಂಗ್ ಪುಟದಲ್ಲಿ ಅವಸರ ಪಡದೆ ತುಂಬಬೇಕಾದ ವಿವರಗಳು ಇವು.

ಕಾರಿನ ಉದ್ದ ಮತ್ತು ಎತ್ತರ. ಕಂಪನಿಗಳು ವಾಹನವನ್ನು ಅಳತೆಯ ಮೇಲೆ ವರ್ಗೀಕರಿಸುತ್ತವೆ. ಮೇಲೆ ಲಗೇಜ್ ಪೆಟ್ಟಿಗೆ ಅಥವಾ ಹಿಂದೆ ಸೈಕಲ್ ಸ್ಟ್ಯಾಂಡ್ ಇದ್ದರೆ ಅದನ್ನೂ ಸೇರಿಸಿ ಅಳೆಯಬೇಕು. ಟೇಪು ಹಿಡಿದು ನೆಲದಿಂದ ಪೆಟ್ಟಿಗೆಯ ತುದಿಯವರೆಗೆ ಅಳೆಯಿರಿ. ಕಾರಿನ ಕೈಪಿಡಿಯಲ್ಲಿರುವುದು ಪೆಟ್ಟಿಗೆಯಿಲ್ಲದ ಬರಿಯ ಕಾರಿನ ಎತ್ತರ. ಎತ್ತರ ತಪ್ಪಾಗಿ ನಮೂದಾದರೆ ಬಂದರಿನಲ್ಲಿ ಹೆಚ್ಚುವರಿ ಹಣ ಕೇಳಬಹುದು, ಅಥವಾ ಕಡಿಮೆ ಎತ್ತರದ ಅಂತಸ್ತಿನಲ್ಲಿ ಜಾಗವೇ ಸಿಗದೆ ಹೋಗಬಹುದು.

ಎಲ್ಲ ಪ್ರಯಾಣಿಕರ ಹೆಸರು. ಇಪ್ಪತ್ತು ನಾಟಿಕಲ್ ಮೈಲಿಗಿಂತ ದೂರದ ಹಡಗು ಪ್ರಯಾಣದಲ್ಲಿ ಪ್ರತಿಯೊಬ್ಬ ಪ್ರಯಾಣಿಕರ ಹೆಸರನ್ನೂ ಇತರ ವಿವರಗಳನ್ನೂ ದಾಖಲಿಸಬೇಕೆಂಬುದು ಯುರೋಪಿಯನ್ ಒಕ್ಕೂಟದ ನಿಯಮ. ಮಡಿಲಿನ ಕೂಸಿಗೆ ದರ ಇಲ್ಲದಿದ್ದರೂ ಹೆಸರು ಟಿಕೆಟ್‌ನಲ್ಲಿ ಇರಲೇಬೇಕು. ನಮ್ಮ ಪಾಸ್‌ಪೋರ್ಟ್‌ಗಳಲ್ಲಿ ತಂದೆಯ ಹೆಸರು, ಊರಿನ ಹೆಸರು, ಇನಿಷಿಯಲ್ ಎಲ್ಲ ಬಗೆಬಗೆಯಾಗಿ ಸೇರಿರುತ್ತವೆ. ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೆಯೇ ತುಂಬಿ.

ಇಂಧನದ ಬಗೆ. ಎಲ್‌ಪಿಜಿ ಅಥವಾ ಸಿಎನ್‌ಜಿ ಕಾರಾದರೆ ಬುಕಿಂಗ್‌ನಲ್ಲಿಯೂ ಹತ್ತುವಾಗ ಸಿಬ್ಬಂದಿಗೂ ತಿಳಿಸಬೇಕು. ಅಂತಹ ವಾಹನಗಳನ್ನು ಪ್ರತ್ಯೇಕ ಜಾಗದಲ್ಲಿ ನಿಲ್ಲಿಸುತ್ತಾರೆ. ಎಲೆಕ್ಟ್ರಿಕ್ ಕಾರಿನವರು ಕಂಪನಿಯ ಷರತ್ತುಗಳನ್ನು ಓದಿ, ಹಡಗಿನಲ್ಲಿ ಚಾರ್ಜ್ ಸಿಗುತ್ತದೆಂಬ ನಂಬಿಕೆಯಲ್ಲಿ ಹೊರಡದೆ ಬಂದರಿಗೆ ಬರುವ ಮೊದಲೇ ಇಳಿದ ಮೇಲಿನ ದಾರಿಗೆ ಸಾಕಾಗುವಷ್ಟು ಚಾರ್ಜ್ ಮಾಡಿಕೊಳ್ಳಬೇಕು. ಅಡುಗೆಯ ಗ್ಯಾಸ್ ಸಿಲಿಂಡರ್ ಇರುವ ಕ್ಯಾಂಪಿಂಗ್ ವಾಹನದವರಿಗೂ ತಿಳಿಸುವ ಕರ್ತವ್ಯವಿದೆ.

ಮಲಗುವ ವ್ಯವಸ್ಥೆ. ಮೂರು ಹಂತಗಳಿವೆ. ಡೆಕ್ ಟಿಕೆಟ್ ಎಂದರೆ ನಿಮಗೆ ಗೊತ್ತುಪಡಿಸಿದ ಜಾಗವಿಲ್ಲ, ಸಿಕ್ಕ ಕುರ್ಚಿಯಲ್ಲಿ ಕೂರಬೇಕು. ಅದಕ್ಕಿಂತ ಮೇಲಿನದು ವಿಮಾನದ ಸೀಟಿನಂತೆ ಹಿಂದಕ್ಕೆ ಒರಗುವ ಕುರ್ಚಿ. ಮೂರನೆಯದು ಕ್ಯಾಬಿನ್. ರಾತ್ರಿ ಪ್ರಯಾಣದಲ್ಲಿ ಕಾರು ಓಡಿಸುವವರಿಗೆ ಕ್ಯಾಬಿನ್ ಭೋಗವಲ್ಲ, ಅಗತ್ಯ. ಹಗಲೆಲ್ಲ ಓಡಿಸಿ, ರಾತ್ರಿ ನೆಲದ ಮೇಲೆ ಹೊರಳಾಡಿ, ಬೆಳಿಗ್ಗೆ ಮತ್ತೆ ಬೆಟ್ಟದ ತಿರುವುಗಳಲ್ಲಿ ಓಡಿಸುವುದು ಇಡೀ ಕುಟುಂಬಕ್ಕೆ ಅಪಾಯ. ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್ ಅಗ್ಗ, ಕತ್ತಲೆಯಾದ್ದರಿಂದ ನಿದ್ದೆಗೂ ಒಳ್ಳೆಯದು. ನಾಲ್ಕು ಹಾಸಿಗೆಯ ಕ್ಯಾಬಿನ್‌ನಲ್ಲಿ ಎರಡು ಹಾಸಿಗೆ ಮೇಲಿರುತ್ತವೆ. ಏಣಿ ಹತ್ತಲಾಗದ ಹಿರಿಯರಿದ್ದರೆ ಕೆಳಗಿನವನ್ನು ಅವರಿಗೆ ಬಿಡಿ.

ಕಾಗದಪತ್ರ

ಸಾರ್ಡಿನಿಯಾ ಇಟಲಿಯ ಭಾಗ, ಷೆಂಗೆನ್ ಒಳಗೇ ಇದೆ. ಗಡಿ ತಪಾಸಣೆ ಇಲ್ಲ. ಆದರೆ ಟಿಕೆಟ್ ನೋಡುವಾಗ ಗುರುತಿನ ಪತ್ರ ಕೇಳುತ್ತಾರೆ. ಭಾರತೀಯ ಪಾಸ್‌ಪೋರ್ಟ್‌ನವರು ಪಾಸ್‌ಪೋರ್ಟ್ ಮತ್ತು ನಿವಾಸ ಪರವಾನಗಿ ಎರಡನ್ನೂ ಕೈಯಲ್ಲಿಟ್ಟುಕೊಳ್ಳಿ. ಊರಿನಿಂದ ಬಂದ ತಂದೆತಾಯಿಯ ಷೆಂಗೆನ್ ವೀಸಾ ವಾಪಸು ಬರುವ ದಿನದವರೆಗೂ ಊರ್ಜಿತವಾಗಿರಲಿ, ಹಡಗು ಒಂದೆರಡು ದಿನ ತಡವಾದರೂ ಸಾಲುವಷ್ಟು ಅಂತರವಿರಲಿ.

ಕಾರಿನ ನೋಂದಣಿ ಪತ್ರ, ವಿಮೆ, ಚಾಲನಾ ಪರವಾನಗಿ. ಭಾರತದಿಂದ ಪ್ರವಾಸಕ್ಕೆ ಬಂದು ಓಡಿಸುವವರು ನಮ್ಮ ಆರ್‌ಟಿಒ ಕೊಡುವ ಅಂತಾರಾಷ್ಟ್ರೀಯ ಚಾಲನಾ ಅನುಮತಿಯನ್ನು ಮೂಲ ಪರವಾನಗಿಯ ಜೊತೆಗೆ ಇಟ್ಟುಕೊಂಡಿರಬೇಕು. ಅದು ಒಂದು ವರ್ಷ ಮಾತ್ರ ಊರ್ಜಿತ, ಮತ್ತು ಊರು ಬಿಡುವ ಮೊದಲೇ ಮಾಡಿಸಿಕೊಳ್ಳುವುದು ಜಾಣತನ. ಜರ್ಮನಿಯಲ್ಲಿ ನೆಲೆಸಿದವರಿಗೆ ಭಾರತದ ಪರವಾನಗಿ ಆರು ತಿಂಗಳವರೆಗೆ ಮಾತ್ರ ನಡೆಯುತ್ತದೆ, ಆಮೇಲೆ ಅಲ್ಲಿನದನ್ನೇ ಪಡೆಯಬೇಕು.

ಬಾಡಿಗೆ ಕಾರಾದರೆ ಒಪ್ಪಂದವನ್ನು ಓದಲೇಬೇಕು. ಹಲವು ಬಾಡಿಗೆ ಸಂಸ್ಥೆಗಳು ಕಾರನ್ನು ಹಡಗಿಗೆ ಹತ್ತಿಸಲು ಲಿಖಿತ ಒಪ್ಪಿಗೆ ಕೇಳುತ್ತವೆ, ಕೆಲವು ಒಪ್ಪುವುದೇ ಇಲ್ಲ. ಒಪ್ಪಿಗೆಯಿಲ್ಲದೆ ಒಯ್ದರೆ ಅಪಘಾತವಾದಾಗ ವಿಮೆ ಕೈಬಿಡುವ ಅಪಾಯವಿದೆ. ಟಿಕೆಟ್‌ನಲ್ಲಿ ನಂಬರ್ ಪ್ಲೇಟ್ ಸಂಖ್ಯೆ ಇರುವುದರಿಂದ, ಬಾಡಿಗೆ ಕಾರು ಕೈಗೆ ಬಂದ ಮೇಲೆ ಅದನ್ನು ಬುಕಿಂಗ್‌ನಲ್ಲಿ ತಿದ್ದಿಸಲು ಮರೆಯಬೇಡಿ.

ಸಾಮಾನು ಜೋಡಿಸುವ ಬಗೆ

ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ಹೆಚ್ಚಿನವರ ರಾತ್ರಿ ಕೆಡುವುದು ಇಲ್ಲಿಯೇ.

ಸಾಮಾನನ್ನು ಎರಡು ಭಾಗ ಮಾಡಿ. ಡಿಕ್ಕಿಯಲ್ಲಿರುವುದು ದ್ವೀಪಕ್ಕೆ. ಹಡಗಿನ ರಾತ್ರಿಗೆ ಬೇಕಾದುದೆಲ್ಲ ತಲೆಗೊಂದು ಸಣ್ಣ ಬೆನ್ನುಚೀಲದಲ್ಲಿ, ಕಾಲಬಳಿ ಅಥವಾ ತೊಡೆಯ ಮೇಲೆ, ಕಾರಿನೊಳಗೆ. ಕಾರುಗಳ ನಡುವೆ ಒಂದು ಗೇಣು ಜಾಗವೂ ಇರದಂತೆ ನಿಲ್ಲಿಸುತ್ತಾರೆ; ಹಿಂದಿನ ಕಾರು ನಿಮ್ಮ ಡಿಕ್ಕಿಗೆ ಅಂಟಿಕೊಂಡಿರುತ್ತದೆ. ಅಲ್ಲಿ ಡಿಕ್ಕಿ ತೆರೆಯುವ ಪ್ರಶ್ನೆಯೇ ಇಲ್ಲ. ಗಾಲಿ ಸೂಟ್‌ಕೇಸ್ ಕೂಡ ಬೇಡ. ಹಡಗಿನ ಮೆಟ್ಟಿಲುಗಳು ಕಡಿದು, ಲಿಫ್ಟ್ ಮುಂದೆ ಸಾಲು.

ಬೆನ್ನುಚೀಲದಲ್ಲಿ ಇರಬೇಕಾದವು: ಪಾಸ್‌ಪೋರ್ಟ್, ಟಿಕೆಟ್, ಹಣ; ನಿತ್ಯದ ಔಷಧಿ ಒಂದು ದಿನ ಹೆಚ್ಚಿಗೆ; ಒಂದು ಜೊತೆ ಬಟ್ಟೆ; ತೆಳು ಸ್ವೆಟರ್, ಏಕೆಂದರೆ ಜುಲೈನಲ್ಲೂ ಹಡಗಿನ ಎಸಿ ಚಳಿ ಹಿಡಿಸುತ್ತದೆ; ಮೊಬೈಲ್ ಚಾರ್ಜರ್; ನೀರು; ಮಗುವಿನ ಹಾಲು, ಡೈಪರ್. ಕ್ಯಾಬಿನ್ ಇಲ್ಲದವರು ಹೊದಿಕೆಯನ್ನೂ ಸಣ್ಣ ದಿಂಬನ್ನೂ ಸೇರಿಸಿ.

ಊಟದ ಮಾತು. ಹಡಗಿನಲ್ಲಿ ಸೆಲ್ಫ್ ಸರ್ವಿಸ್ ಊಟದ ಹಾಲ್ ಮತ್ತು ಬಾರ್ ಇರುತ್ತವೆ. ಟೊಮೆಟೊ ಸಾರಿನ ಪಾಸ್ತಾ, ಬೇಯಿಸಿದ ತರಕಾರಿ, ಫೊಕಾಚ್ಚ ರೊಟ್ಟಿ ಸಿಗುತ್ತದೆ, ಆದರೆ ಬೆಲೆ ಹೆಚ್ಚು. ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ಇಟಲಿಯ ಪರ್ಮೆಸಾನ್ ಚೀಸ್ ತಯಾರಿಸಲು ಕರುವಿನ ಹೊಟ್ಟೆಯಿಂದ ತೆಗೆದ ಕಿಣ್ವ ಬಳಸುತ್ತಾರೆ, ಸೂಪುಗಳಿಗೆ ಮಾಂಸದ ಸಾರು ಸೇರಿರಬಹುದು. ಮನೆಯಿಂದ ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಕಟ್ಟಿಕೊಂಡು ಹೋಗುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಡೆಕ್‌ನ ಮೇಜಿನಲ್ಲಿ ಇಟಲಿಯ ಕುಟುಂಬಗಳೂ ತಮ್ಮ ಬುತ್ತಿ ಬಿಚ್ಚುತ್ತವೆ. ಸ್ಟವ್, ಎಲೆಕ್ಟ್ರಿಕ್ ಕುಕ್ಕರ್‌ಗಳನ್ನು ಮಾತ್ರ ಕ್ಯಾಬಿನ್‌ಗೆ ಒಯ್ಯಬೇಡಿ. ಹಡಗಿನಲ್ಲಿ ಬೆಂಕಿಗಿಂತ ದೊಡ್ಡ ಭಯ ಬೇರೆ ಇಲ್ಲ.

ಬಂದರಿನ ದಾರಿ ಮತ್ತು ಕಾಯುವಿಕೆ

ಉತ್ತರದಿಂದ ಎ-12 ಹೆದ್ದಾರಿಯಲ್ಲಿ ಬರಬಹುದು, ಅದಕ್ಕೆ ಟೋಲ್ ಇದೆ. ಫ್ಲಾರೆನ್ಸ್ ಕಡೆಯಿಂದ ಬರುವವರಿಗೆ ಫೀ-ಪೀ-ಲೀ ಎಂದು ಕರೆಯುವ, ಟೋಲ್ ಇಲ್ಲದ ರಸ್ತೆ ಇದೆ. ಅಗಲ ಕಡಿಮೆ, ವೇಗದ ಕ್ಯಾಮೆರಾಗಳಿವೆ, ಆತುರ ಬೇಡ. ದಾರಿಯಲ್ಲಿ ಪಿಸಾ ಅಥವಾ ಫ್ಲಾರೆನ್ಸ್ ನೋಡುವ ಆಸೆಯಿದ್ದರೆ ಕಾರನ್ನು ಊರ ಹೊರಗೆ ನಿಲ್ಲಿಸಿ. ಹಳೆಯ ಊರಿನೊಳಗೆ ಜೆಡ್‌ಟಿಎಲ್ ಎಂಬ ನಿರ್ಬಂಧಿತ ವಲಯಗಳಿವೆ. ಕ್ಯಾಮೆರಾ ನಂಬರ್ ಪ್ಲೇಟ್ ಓದಿ, ತಿಂಗಳುಗಳ ನಂತರ ದಂಡದ ಪತ್ರ ಮನೆಗೆ ಬರುತ್ತದೆ.

ಲಿವೊರ್ನೊ ಹತ್ತಿರ ಬಂದಂತೆ ‘ಪೋರ್ತೊ’ (ಬಂದರು), ‘ಇಂಬಾರ್ಕಿ’ (ಹಡಗು ಹತ್ತುವ ಜಾಗ), ‘ಸಾರ್ದೆಞ್ಞಾ’ (ಸಾರ್ಡಿನಿಯಾ) ಎಂಬ ಫಲಕಗಳು ಸಿಗುತ್ತವೆ. ಲಿವೊರ್ನೊ ದೊಡ್ಡ ಸರಕು ಬಂದರು, ಒಳಗೆ ಹೋಗಲು ಒಂದಕ್ಕಿಂತ ಹೆಚ್ಚು ದ್ವಾರಗಳಿವೆ. ನಿಮ್ಮ ಕಂಪನಿಯ ಹಡಗಿಗೆ ಯಾವ ದ್ವಾರ ಎಂಬುದನ್ನು ಟಿಕೆಟ್ ಅಥವಾ ಸಂದೇಶದಲ್ಲಿ ಮೊದಲೇ ನೋಡಿಕೊಂಡು ಅದನ್ನೇ ನಕ್ಷೆಗೆ ಹಾಕಿ. ಬರಿಯ ‘ಲಿವೊರ್ನೊ ಬಂದರು’ ಎಂದು ಹಾಕಿದರೆ ಕಂಟೇನರ್ ಲಾರಿಗಳ ನಡುವೆ ತಲುಪುವ ಸಾಧ್ಯತೆಯೇ ಹೆಚ್ಚು.

ಹೊರಡುವ ಸಮಯಕ್ಕೆ ಎರಡು ಗಂಟೆ ಮೊದಲು ದ್ವಾರದೊಳಗೆ ಇರಿ. ಆಗಸ್ಟ್‌ನಲ್ಲಿ ಇನ್ನೂ ಒಂದು ಗಂಟೆ ಸೇರಿಸಿ. ಇದಕ್ಕಾಗಿ ದಾರಿಯ ಲೆಕ್ಕವನ್ನೂ ಸಡಿಲವಾಗಿ ಇಡಬೇಕು. ಶನಿವಾರದ ಬ್ರೆನ್ನರ್ ದಟ್ಟಣೆ ಮೂರು ಗಂಟೆಯನ್ನು ನುಂಗಿದರೂ ಹಡಗು ನಿಮಗಾಗಿ ಕಾಯುವುದಿಲ್ಲ.

ಸಮಯ ಉಳಿದರೆ ಊರೊಳಗೆ ಹೋಗಿ ತೋರ್ತಾ ದಿ ಚೇಚಿ ತಿನ್ನಿ. ಕಡಲೆಹಿಟ್ಟು, ನೀರು, ಎಣ್ಣೆ, ಉಪ್ಪು ಇಷ್ಟನ್ನೇ ಕಲಸಿ ಅಗಲವಾದ ತಟ್ಟೆಯಲ್ಲಿ ಒಲೆಯೊಳಗೆ ಬೇಯಿಸಿದ ತಿಂಡಿ. ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ, ರೊಟ್ಟಿಯ ನಡುವೆ ಇಟ್ಟು ಕೊಡುತ್ತಾರೆ. ಹಾಗೆ ಕೊಡುವುದನ್ನು ಅಲ್ಲಿ ‘ಚಿಂಕ್ವೆ ಎ ಚಿಂಕ್ವೆ’ ಎನ್ನುತ್ತಾರೆ. ಬೆಣ್ಣೆ, ಮೊಟ್ಟೆ, ಮಾಂಸ ಯಾವುದೂ ಇಲ್ಲದ ಈ ಬಿಸಿ ತಿಂಡಿ ನಮ್ಮ ನಾಲಿಗೆಗೆ ಮೊದಲ ತುತ್ತಿನಲ್ಲೇ ಒಗ್ಗುತ್ತದೆ.

ಹಡಗು ಹತ್ತುವುದು

ಬಂದರಿನ ಅಂಗಳದಲ್ಲಿ ಗೀಟು ಎಳೆದ ಸಾಲುಗಳಿರುತ್ತವೆ. ಪ್ರತಿಫಲಕ ಜಾಕೆಟ್ ತೊಟ್ಟ ಸಿಬ್ಬಂದಿ ಟಿಕೆಟ್ ನೋಡಿ ಸಾಲು ತೋರಿಸುತ್ತಾರೆ. ನಿಮ್ಮ ನಂತರ ಬಂದ ಪಕ್ಕದ ಸಾಲು ಮೊದಲು ಹೊರಟರೆ ಬೇಸರ ಬೇಡ. ಎತ್ತರ, ಭಾರ ನೋಡಿ ಹಡಗಿನ ಸಮತೋಲ ಕಾಯುವಂತೆ ಒಳಗೆ ಬಿಡುತ್ತಾರೆ. ಕಾಯುವಾಗ ಕಾರಿನ ಬಳಿಯೇ ಇರಿ. ಮಕ್ಕಳನ್ನು ಶೌಚಾಲಯಕ್ಕೆ ಈಗಲೇ ಕರೆದೊಯ್ಯಿರಿ. ಸಾಲು ಅಲುಗಾಡಿದಾಗ ಚಾಲಕ ಇಲ್ಲದ ಕಾರು ಎಲ್ಲರ ಸಿಟ್ಟಿಗೆ ಗುರಿ.

ರ‍್ಯಾಂಪ್ ಕಬ್ಬಿಣದ್ದು, ಮಳೆ ಬಿದ್ದರೆ ಜಾರುತ್ತದೆ. ಮೊದಲ ಗೇರಿನಲ್ಲಿ, ಒಂದೇ ವೇಗದಲ್ಲಿ ಹತ್ತಿ. ಒಳಗೆ ಹೋದ ಮೇಲೆ ನಿಮ್ಮ ಕಣ್ಣು ಸಿಬ್ಬಂದಿಯ ಕೈಯ ಮೇಲೆ ಮಾತ್ರ ಇರಲಿ. ಅವರು ಹತ್ತಿರ, ಇನ್ನೂ ಹತ್ತಿರ ಎಂದು ಕರೆಯುತ್ತಲೇ ಇರುತ್ತಾರೆ. ಅವರು ಅಳತೆ ಬಲ್ಲವರು, ನಂಬಿ. ಕೆಲವು ಹಡಗುಗಳಲ್ಲಿ ಚಾಲಕ ಮಾತ್ರ ಕಾರಿನಲ್ಲಿ ಹೋಗಿ, ಉಳಿದವರು ನಡೆದು ಹತ್ತುವ ಕ್ರಮವಿದೆ. ಹಾಗಾದರೆ ಪ್ರತಿಯೊಬ್ಬರ ಕೈಯಲ್ಲೂ ಅವರವರ ಟಿಕೆಟ್ ಮತ್ತು ಪಾಸ್‌ಪೋರ್ಟ್ ಇರಬೇಕು.

ನಿಲ್ಲಿಸಿದ ಮೇಲೆ ಈ ಕ್ರಮದಲ್ಲಿ ಮಾಡಿ. ಹ್ಯಾಂಡ್‌ಬ್ರೇಕ್ ಬಲವಾಗಿ ಎಳೆಯಿರಿ, ಗೇರಿನಲ್ಲಿ ಬಿಡಿ, ಆಟೊಮ್ಯಾಟಿಕ್ ಆದರೆ ಪಾರ್ಕಿಂಗ್‌ನಲ್ಲಿ. ಪಕ್ಕದ ಕನ್ನಡಿಗಳನ್ನು ಮಡಚಿ. ಕಳ್ಳತನದ ಅಲಾರಂ ಇದ್ದರೆ ಅಲುಗಾಟಕ್ಕೆ ಕೂಗುವ ವ್ಯವಸ್ಥೆಯನ್ನು ನಿಲ್ಲಿಸಿ, ಇಲ್ಲದಿದ್ದರೆ ಇಂಜಿನಿನ ನಡುಕಕ್ಕೇ ರಾತ್ರಿಯಿಡೀ ಕಿರುಚಿ ಬ್ಯಾಟರಿ ಇಳಿಯುತ್ತದೆ. ಬೆನ್ನುಚೀಲ ತೆಗೆದುಕೊಳ್ಳಿ, ಬಾಗಿಲು ತೆರೆಯುವಾಗ ಪಕ್ಕದ ಕಾರಿಗೆ ತಾಗದಂತೆ ಕೈ ಅಡ್ಡ ಹಿಡಿಯಿರಿ. ಕೊನೆಗೆ, ಹತ್ತಿರದ ಗೋಡೆಯ ಮೇಲಿರುವ ಅಂತಸ್ತಿನ ಸಂಖ್ಯೆ ಮತ್ತು ಮೆಟ್ಟಿಲಿನ ಅಕ್ಷರ ಅಥವಾ ಬಣ್ಣದ ಫೋಟೊ ತೆಗೆದುಕೊಳ್ಳಿ. ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ನೂರಾರು ಜನ ಒಟ್ಟಿಗೆ ಇಳಿಯುವಾಗ ಎಲ್ಲ ಮೆಟ್ಟಿಲುಗಳೂ ಒಂದೇ ಥರ ಕಾಣುತ್ತವೆ.

ಹಡಗಿನ ಮೇಲೆ

ಕ್ಯಾಬಿನ್ ಕೀಲಿ ಪಡೆದ ಮೇಲೆ ಮೊದಲ ಕೆಲಸ ಬಾಗಿಲಿನ ಹಿಂದಿರುವ ಸುರಕ್ಷತಾ ನಕ್ಷೆ ಓದುವುದು. ಜೀವರಕ್ಷಕ ಜಾಕೆಟ್ ಎಲ್ಲಿದೆ, ಸೇರಬೇಕಾದ ಜಾಗ ಯಾವುದು, ಅಲ್ಲಿಗೆ ದಾರಿ ಎತ್ತ ಎಂದು ಮಕ್ಕಳೊಡನೆ ಒಮ್ಮೆ ನಡೆದು ನೋಡಿ. ಇದನ್ನು ಒತ್ತಿ ಹೇಳಲು ಕಾರಣವಿದೆ. 1991ರ ಏಪ್ರಿಲ್ 10ರ ರಾತ್ರಿ ಲಿವೊರ್ನೊದಿಂದ ಇದೇ ಒಲ್ಬಿಯಾಕ್ಕೆ ಹೊರಟಿದ್ದ ಮೋಬಿ ಪ್ರಿನ್ಸ್ ಫೆರಿ, ಬಂದರಿನ ಹೊರಗೆ ಲಂಗರು ಹಾಕಿದ್ದ ತೈಲ ಹಡಗಿಗೆ ಬಡಿದು ಹೊತ್ತಿ ಉರಿಯಿತು. 140 ಜನ ಸತ್ತರು, ಫೆರಿಯಲ್ಲಿದ್ದವರಲ್ಲಿ ಉಳಿದದ್ದು ಒಬ್ಬರು ಮಾತ್ರ. ಇಂದು ಈ ದಾರಿಯಲ್ಲಿ ಹಡಗುಗಳು ನಿತ್ಯ ನೆಮ್ಮದಿಯಿಂದ ಓಡಾಡುತ್ತವೆ. ಆದರೂ ಐದು ನಿಮಿಷ ನಕ್ಷೆಗೆ ಕೊಡುವುದು ಸತ್ತವರಿಗೆ ಸಲ್ಲಿಸುವ ಗೌರವವೂ ಹೌದು.

ಎರಡನೆಯ ಕೆಲಸ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕುವುದು. ತೀರ ದೂರವಾದ ಮೇಲೆ ಫೋನು ಹಡಗಿನ ಉಪಗ್ರಹ ಜಾಲಕ್ಕೆ ತಾನಾಗಿಯೇ ಸೇರಿಕೊಳ್ಳಬಹುದು. ಯುರೋಪಿನೊಳಗೆ ರೋಮಿಂಗ್‌ಗೆ ಹೆಚ್ಚು ದರ ಇಲ್ಲವೆಂಬ ನಿಯಮ ಆ ಜಾಲಕ್ಕೆ ಅನ್ವಯಿಸುವುದಿಲ್ಲ. ನಿದ್ದೆಯಲ್ಲಿ ಫೋಟೊಗಳು ತಾವಾಗಿಯೇ ಅಪ್‌ಲೋಡ್ ಆಗುತ್ತಿದ್ದರೆ ಬಿಲ್ಲು ಟಿಕೆಟ್ ದರವನ್ನೇ ಮೀರಬಹುದು. ನಕ್ಷೆ, ಹಾಡು, ಮಕ್ಕಳ ಚಿತ್ರಗಳನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಬೇಸಿಗೆಯಲ್ಲಿ ಈ ಸಮುದ್ರ ಬಹುತೇಕ ಶಾಂತ. ವಾಯವ್ಯದಿಂದ ಬೀಸುವ ಮಾಯೆಸ್ತ್ರಾಲೆ, ನೈಋತ್ಯದ ಲಿಬೆಚ್ಚೊ ಗಾಳಿಗಳು ಎದ್ದರೆ ಮಾತ್ರ ಹಡಗು ತೂಗುತ್ತದೆ. ಕಾರಿನಲ್ಲೇ ವಾಂತಿಯಾಗುವವರು ಕ್ಯಾಬಿನ್ ಆರಿಸುವಾಗ ಹಡಗಿನ ನಡುಭಾಗ, ಕೆಳಗಿನ ಅಂತಸ್ತು ಕೇಳಿ. ತೂಗಾಟ ಅಲ್ಲಿ ಕಡಿಮೆ. ಹಸಿದ ಹೊಟ್ಟೆಯೂ ಬೇಡ, ಬಿರಿಯೆ ತಿನ್ನುವುದೂ ಬೇಡ. ತಲೆ ಸುತ್ತಿದರೆ ಡೆಕ್‌ಗೆ ಬಂದು ದಿಗಂತ ನೋಡಿ. ಮಾತ್ರೆ ತೆಗೆದುಕೊಳ್ಳುವುದಾದರೆ ಹಡಗು ಹೊರಡುವ ಮೊದಲೇ ನುಂಗಬೇಕು, ವೈದ್ಯರನ್ನೋ ಔಷಧ ಅಂಗಡಿಯವರನ್ನೋ ಕೇಳಿ. ಇಂತಹ ಮಾತ್ರೆಗಳಲ್ಲಿ ಹಲವು ಮಂಪರು ತರುತ್ತವೆ. ಬೆಳಿಗ್ಗೆ ಕಾರು ಓಡಿಸುವವರು ಈ ವಿಷಯವನ್ನು ಸ್ಪಷ್ಟವಾಗಿ ಹೇಳಿಯೇ ಮಾತ್ರೆ ಕೊಳ್ಳಬೇಕು.

ಹಡಗು ತಡವಾದರೆ

ಯುರೋಪಿಯನ್ ಒಕ್ಕೂಟದ 2010ರ 1177ನೆಯ ನಿಯಮಾವಳಿ ಸಮುದ್ರ ಪ್ರಯಾಣಿಕರ ಹಕ್ಕುಗಳನ್ನು ಹೇಳುತ್ತದೆ. ಹೆಚ್ಚಿನವರಿಗೆ ವಿಮಾನದ ಹಕ್ಕುಗಳು ಗೊತ್ತು, ಇದು ಗೊತ್ತಿಲ್ಲ. ಹಡಗು ರದ್ದಾದರೆ ಅಥವಾ ಒಂದೂವರೆ ಗಂಟೆಗಿಂತ ತಡವಾಗಿ ಹೊರಟರೆ, ಬೇರೆ ಹಡಗು ಅಥವಾ ಟಿಕೆಟ್ ಹಣ ವಾಪಸು, ಎರಡರಲ್ಲಿ ಒಂದನ್ನು ನೀವು ಆರಿಸಬಹುದು. ಕಾಯುವ ಹೊತ್ತಿಗೆ ತಿಂಡಿ, ಪಾನೀಯ ಕೊಡಬೇಕು. ತಲುಪುವುದು ತಡವಾದರೆ ಪರಿಹಾರವಿದೆ: ನಾಲ್ಕರಿಂದ ಎಂಟು ಗಂಟೆಯ ಪ್ರಯಾಣಕ್ಕೆ ಎರಡು ಗಂಟೆ, ಎಂಟಕ್ಕಿಂತ ಹೆಚ್ಚಿನ ಪ್ರಯಾಣಕ್ಕೆ ಮೂರು ಗಂಟೆ ತಡವಾದರೆ ಟಿಕೆಟ್ ದರದ ಶೇ. 25. ತಡ ಅದರ ದುಪ್ಪಟ್ಟು ಮೀರಿದರೆ ಶೇ. 50. ಹಡಗಿನ ಸುರಕ್ಷತೆಗೆ ಅಪಾಯ ತರುವ ಹವಾಮಾನದಿಂದ ತಡವಾದರೆ ಈ ಪರಿಹಾರ ಸಿಗದು. ದೂರನ್ನು ಎರಡು ತಿಂಗಳೊಳಗೆ ಕಂಪನಿಗೆ ಬರಹದಲ್ಲಿ ಕೊಡಬೇಕು. ಹಾಗಾಗಿ ಟಿಕೆಟ್ ಎಸೆಯಬೇಡಿ. ಬಂದು ತಲುಪಿದ ಹೊತ್ತನ್ನು ಬರೆದಿಟ್ಟುಕೊಳ್ಳಿ.

ಇಳಿಯುವುದು

ತಲುಪುವ ಮೊದಲು ಕ್ಯಾಬಿನ್ ಬಿಡಲು ಘೋಷಣೆ ಕೇಳಿಸುತ್ತದೆ, ಹೆಚ್ಚಾಗಿ ನಿರೀಕ್ಷೆಗಿಂತ ಬೇಗ. ಒಂದು ಕಾಫಿ ಕುಡಿದು ಡೆಕ್‌ಗೆ ಹೋಗಿ. ಒಲ್ಬಿಯಾ ಕೊಲ್ಲಿ ಹೊಕ್ಕುವಾಗ ಎಡಕ್ಕೆ ತವೊಲಾರಾ ದ್ವೀಪದ ಸುಣ್ಣಕಲ್ಲಿನ ಗೋಡೆ ಸಮುದ್ರದಿಂದ ನೇರವಾಗಿ 565 ಮೀಟರ್ ಎತ್ತರಕ್ಕೆ ನಿಂತಿರುತ್ತದೆ, ಬಲಕ್ಕೆ ಫಿಗಾರಿ ಭೂಶಿರ. ಇದನ್ನು ನೋಡಲೆಂದೇ ಅರ್ಧ ಗಂಟೆ ಮೊದಲು ಏಳಬಹುದು.

ಕಾರಿನ ಅಂತಸ್ತಿಗೆ ಕರೆದಾಗ ಮಾತ್ರ ಇಳಿಯಿರಿ. ಕಾರಿನಲ್ಲಿ ಕೂತ ತಕ್ಷಣ ಇಂಜಿನ್ ಶುರು ಮಾಡಬೇಡಿ. ಮುಚ್ಚಿದ ಜಾಗದಲ್ಲಿ ಹೊಗೆ ತುಂಬುತ್ತದೆ. ಮುಂದಿನ ಕಾರು ಚಲಿಸಿದಾಗ ಶುರು ಮಾಡಿದರೆ ಸಾಕು. ಕೆಲವೊಮ್ಮೆ ಹಿಮ್ಮುಖವಾಗಿ ಹೊರಬರಬೇಕಾಗುತ್ತದೆ, ಆಗಲೂ ಸಿಬ್ಬಂದಿ ಕೈ ತೋರಿಸುತ್ತಾರೆ.

ಹಡಗು ನಿಲ್ಲುವ ಇಸೊಲಾ ಬಿಯಾಂಕಾದಿಂದ ಒಂದು ಕಟ್ಟೆಯ ರಸ್ತೆ ನೇರ ಒಲ್ಬಿಯಾ ಊರಿಗೆ ಸೇರುತ್ತದೆ. ಸಾರ್ಡಿನಿಯಾದಲ್ಲಿ ಟೋಲ್ ರಸ್ತೆಗಳಿಲ್ಲ. ನುವೊರೊ ಮತ್ತು ದಕ್ಷಿಣಕ್ಕೆ ನಾಲ್ಕು ಪಥದ 131 ಡಿಸಿಎನ್ ಹಿಡಿಯಿರಿ, ಸಾಸ್ಸರಿ ಕಡೆಗೆ 729. ಪೂರ್ವ ಕರಾವಳಿಯ 125ನೆಯ ರಸ್ತೆ ಬಹಳ ಸುಂದರ, ಆದರೆ ತಿರುವುಗಳ ರಸ್ತೆ. ನಕ್ಷೆ ತೋರಿಸುವ ಹೊತ್ತಿಗಿಂತ ಹೆಚ್ಚೇ ಬೇಕಾಗುತ್ತದೆ. ಒಳನಾಡಿಗೆ ಹೊರಡುವ ಮೊದಲು ಒಲ್ಬಿಯಾದಲ್ಲೇ ಟ್ಯಾಂಕ್ ತುಂಬಿಸಿ.

ವಾಪಸು ಬರುವಾಗ

ವಾಪಸಿನ ಹಡಗಿಗೂ ಎರಡು ಗಂಟೆಯ ಲೆಕ್ಕವೇ. ಜೊತೆಗೆ ಒಂದು ಕೆಲಸ ಹೆಚ್ಚಿಗೆ. ಸಾರ್ಡಿನಿಯಾದ ತೀರಗಳಿಂದ ಮರಳು, ಬೆಣಚುಕಲ್ಲು, ಚಿಪ್ಪು ಒಯ್ಯುವುದು ಅಪರಾಧ. 2017ರ ಪ್ರಾದೇಶಿಕ ಕಾನೂನಿನ ಪ್ರಕಾರ 500ರಿಂದ 3,000 ಯೂರೊ ದಂಡ. ಬಂದರಿನಲ್ಲಿ ಡಿಕ್ಕಿ ತೆರೆಸಿ ನೋಡುತ್ತಾರೆ. 2019ರಲ್ಲಿ ಪೋರ್ತೊ ತೊರ್ರೆಸ್‌ನಲ್ಲಿ ಹಡಗು ಹತ್ತಲಿದ್ದ ಫ್ರೆಂಚ್ ದಂಪತಿಯ ಕಾರಿನಲ್ಲಿ ಪ್ಲಾಸ್ಟಿಕ್ ಬಾಟಲಿಗಳಲ್ಲಿ ತುಂಬಿದ ಸುಮಾರು 40 ಕಿಲೋ ಮರಳು ಸಿಕ್ಕಿತ್ತು. ಆ ಬಿಳಿ ಮರಳು ಮತ್ತೆ ಬೇಗ ಹುಟ್ಟುವ ವಸ್ತುವಲ್ಲ. ಪ್ರತಿ ಪ್ರವಾಸಿಯೂ ಒಂದು ಹಿಡಿ ಒಯ್ದರೆ ತೀರವೇ ಸವೆಯುತ್ತದೆ. ಕೊನೆಯ ದಿನ ಸಮುದ್ರದಿಂದ ಹೊರಡುವಾಗಲೇ ಟವೆಲು, ಚಪ್ಪಲಿ, ಮಕ್ಕಳ ಬಕೆಟ್ಟುಗಳನ್ನು ತೀರದಲ್ಲೇ ಕೊಡವಿ, ಮಕ್ಕಳ ಜೇಬುಗಳನ್ನು ತಡವಿ ನೋಡಿ, ಆರಿಸಿದ ಚಿಪ್ಪುಗಳನ್ನು ಅವರ ಕೈಯಿಂದಲೇ ಅಲ್ಲಿ ಬಿಡಿಸಿ. ಆಮೇಲೆ ಹಡಗಿನ ಬೆನ್ನುಚೀಲಗಳನ್ನು ಮತ್ತೆ ಬೇರೆ ಕಟ್ಟಿ, ಡಿಕ್ಕಿ ಮುಚ್ಚಿ.